ಹೊರಸಿನ ‘ಕೆಳಗೆ’, ಹೊರಸಿನ ‘ಬುಡಕ’: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಮಕ್ಕಳಿಗೆ ಕಲಿಸುತ್ತೇನೆ. ಮೂರರಿಂದ ಆರು ವರ್ಷದ ಮಕ್ಕಳು. ಮೇಲೆ, ಕೆಳಗೆ, ಒಳಗೆ, ಹೊರಗೆ, ಮುಂದೆ, ಹಿಂದೆ ಅಂತ ಜಾಗ ತೋರಿಸುವ ಮಾತುಗಳನ್ನು ಕಲಿಸುವಾಗ ಪ್ರತಿ ವರ್ಷ ಒಂದೇ ಪದದ ಹತ್ರ ತೊಡಕಾಗುತ್ತದೆ. ಆ ಪದ ‘ಕೆಳಗೆ’. ಅದರ ಬಗ್ಗೆ ನಿಮ್ಮೆಲ್ಲರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ನಮ್ಮ ಅಂಗನವಾಡಿ ಪಕ್ಕದ ಮನೆಯವರ ಹೊರಸು (ಮಂಚ) ಯಾವಾಗಲೂ ಹೊರಗೆ ಕಟ್ಟೆಯ ಹತ್ರ ಇರುತ್ತದೆ. ಪಾಠಕ್ಕೆ ನಾನು ಅದನ್ನೇ ಬಳಸುತ್ತೇನೆ. ಹೋದ ವರ್ಷ ಮಕ್ಕಳ ಕಲಿಕೆ ನೋಡಲು ಹೊರಗಿನಿಂದ ಒಬ್ಬರು ಬಂದಿದ್ದರು. ನಾಲ್ಕು ವರ್ಷದ ಒಬ್ಬ ಹುಡುಗಿಯ ಕೈಗೆ ಚೆಂಡು ಕೊಟ್ಟು, ‘ಇದನ್ನು ಹೊರಸಿನ ಮೇಲೆ ಇಡು’ ಅಂದರು. ಇಟ್ಟಳು. ‘ಈಗ ಹೊರಸಿನ ಕೆಳಗೆ ಇಡು’ ಅಂದರು. ಹುಡುಗಿ ಚೆಂಡು ತೆಗೆದು ಹೊರಸಿನ ಪಕ್ಕದಲ್ಲಿ ನೆಲದ ಮೇಲೆ ಇಟ್ಟು, ‘ಇಟ್ಟೀನ್ರಿ’ ಅಂತ ನಿಂತಳು. ಅವರು ಪಟ್ಟಿಯಲ್ಲಿ ‘ಕೆಳಗೆ: ಗೊತ್ತಿಲ್ಲ’ ಅಂತ ಬರೆದುಕೊಂಡರು.

ನನಗೆ ತಡೆಯಲಾಗಲಿಲ್ಲ. ‘ಯವ್ವಾ, ಹೊರಸಿನ ಬುಡಕ ಇಡು ನೋಡೋಣ’ ಅಂದೆ. ಅವಳು ಕೂಡಲೇ ಮೊಣಕಾಲೂರಿ, ತೆವಳಿಕೊಂಡು ಹೋಗಿ, ಚೆಂಡನ್ನು ಹೊರಸಿನ ನಟ್ಟನಡುವೆ ಇಟ್ಟು ಬಂದಳು. ಪಟ್ಟಿಯಲ್ಲಿ ಬರೆದದ್ದು ಮಾತ್ರ ಹಾಗೇ ಉಳಿಯಿತು. ಇವತ್ತಿಗೂ ನನಗೆ ಅದು ಸಂಕಟ.

ಯಾಕೆಂದರೆ ಆ ಹುಡುಗಿ ತಪ್ಪು ಮಾಡಿರಲಿಲ್ಲ. ನಮ್ಮ ಕಡೆ ಮನೆಮಾತಿನಲ್ಲಿ ‘ಕೆಳಗ’ ಅಥವಾ ‘ತೆಳಗ’ ಅಂದರೆ ಎತ್ತರದಿಂದ ಇಳಿದ ಜಾಗ. ‘ಗಿಡದಿಂದ ತೆಳಗ ಇಳಿ’, ‘ಕೂಸಿನ್ನ ಕೆಳಗ ಬಿಡು’, ‘ಕೊಡ ಕೆಳಗ ಇಡು’. ಇಲ್ಲೆಲ್ಲಾ ನೆಲಕ್ಕೆ ಬಂದರೆ ಸಾಕು, ತಲೆಯ ಮೇಲೆ ಏನೂ ಇರಬೇಕಿಲ್ಲ. ಮೇಲೆ ಒಂದು ವಸ್ತು ಇದ್ದು, ಅದರ ಮರೆಯಲ್ಲಿ ಇನ್ನೊಂದು ಇದ್ದರೆ ಅದು ‘ಬುಡಕ’. ‘ಬಂಡಿ ಬುಡಕ ನಾಯಿ ಮಲಗೈತಿ’, ‘ಚಾಪಿ ಬುಡಕ ಕೀಲಿ ಇಟ್ಟೀನಿ’, ‘ಕೌದಿ ಬುಡಕ ಹೊಕ್ಕೊಂಡಾನ’. ಪುಸ್ತಕದ ಕನ್ನಡ ಸಾಮಾನ್ಯವಾಗಿ ಈ ಎರಡನ್ನೂ ‘ಕೆಳಗೆ’ ಅನ್ನುವ ಒಂದೇ ಪದದಲ್ಲಿ ಹೇಳುತ್ತದೆ. ಮಗುವಿಗೆ ಮನೆಯಲ್ಲಿ ಎರಡು ಪದ ಇವೆ. ಅಂದರೆ ಮಗುವಿಗೆ ಜಾಸ್ತಿ ಗೊತ್ತು, ನಮ್ಮ ಪಟ್ಟಿಗೆ ಕಮ್ಮಿ ಗೊತ್ತು.

ಅಂದಿನಿಂದ ನಾನು ‘ಬುಡಕ’ ಎಲ್ಲೆಲ್ಲಿ ಬರುತ್ತದೆ ಅಂತ ಕಿವಿಗೊಟ್ಟು ಕೇಳುತ್ತಿದ್ದೇನೆ. ಕಾಲಿರುವ ಹೊರಸು, ಮೇಜು, ಬಂಡಿ ಇಂಥವುಗಳ ಬುಡಕ ಅಂದರೆ ಕಾಲುಗಳ ನಡುವಿನ ಖಾಲಿ ಜಾಗ. ನೆಲಕ್ಕೆ ಹಾಸುವ ಚಾಪೆ, ಕೌದಿಗಳ ಬುಡಕ ಅಂದರೆ ಅವುಗಳಿಗೂ ನೆಲಕ್ಕೂ ನಡುವಿನ ಸಂದಿ. ಆದರೆ ನೆಲದಲ್ಲಿ ಊರಿಕೊಂಡವುಗಳಿಗೆ ಅರ್ಥ ಬೇರೆ ಆಗುತ್ತದೆ. ‘ಗುಡ್ಡದ ಬುಡಕ ಹೊಲ ಐತಿ’ ಅಂದರೆ ಗುಡ್ಡ ಹೊಲದ ಮೇಲೆ ಕೂತಿಲ್ಲ ಅಲ್ವಾ? ಹೊಲ ಗುಡ್ಡಕ್ಕೆ ತಾಗಿಕೊಂಡು ಇದೆ, ಅಷ್ಟೇ. ‘ಗ್ವಾಡಿ (ಗೋಡೆ) ಬುಡಕ ಕುಂತಾನ’ ಅಂದರೂ ಹಾಗೇ. ಗಿಡದಲ್ಲಿ ಎರಡೂ ಅರ್ಥ ಸೇರುತ್ತವೆ. (ನಮ್ಮಲ್ಲಿ ಬೇವಿನ ಮರವೂ ಗಿಡವೇ.) ‘ಗಿಡದ ಬುಡಕ ನೀರು ಹಾಕು’ ಅಂದರೆ ಬೇರಿನ ಹತ್ರ. ‘ಗಿಡದ ಬುಡಕ ಮಂದಿ ಕುಂತಾರ’ ಅಂದರೆ ಅದರ ನೆರಳಲ್ಲಿ. ಮೊದಲು ಬೇರಿನ ಹತ್ರದ ಜಾಗ, ಆಮೇಲೆ ಅದರ ನೆರಳಿನ ಜಾಗ, ಆಮೇಲೆ ಯಾವುದೇ ವಸ್ತುವಿನ ಅಡಿಯ ಜಾಗ, ಹೀಗೆ ಅರ್ಥ ಹರಡಿಕೊಂಡಿದೆ ಅಂತ ನನಗೆ ಅನಿಸುತ್ತದೆ.

ಮಕ್ಕಳು ನನಗೆ ತೋರಿಸಿಕೊಟ್ಟ ಒಂದು ಸೊಗಸಾದ ಉದಾಹರಣೆ ಇದೆ. ಸಂಜೆ ಕೋಳಿಯ ಮೇಲೆ ಬುಟ್ಟಿ ಡಬ್ಬ (ಬೋರಲು) ಹಾಕಿ ಮುಚ್ಚುತ್ತಾರಲ್ಲ, ಆಗ ಕೋಳಿ ಎಲ್ಲಿದೆ? ಚಿತ್ರ ಬರೆದು ಕೇಳಿದೆ. ಜಾಸ್ತಿ ಮಕ್ಕಳು ‘ಬುಟ್ಟಿ ಬುಡಕ ಐತ್ರಿ’ ಅಂದರು. ಇಬ್ಬರು ‘ಬುಟ್ಯಾಗ ಐತಿ’ ಅಂದರು. ಒಬ್ಬರೂ ‘ಕೆಳಗ’ ಅನ್ನಲಿಲ್ಲ. ಅದೇ ಬುಟ್ಟಿಯನ್ನು ನೆಟ್ಟಗೆ ಇಟ್ಟು ಕೋಳಿಯನ್ನು ಅದರಲ್ಲಿ ಕೂರಿಸಿದ ಚಿತ್ರ ತೋರಿಸಿದಾಗ ಎಲ್ಲರೂ ಒಂದೇ ದನಿಯಲ್ಲಿ ‘ಬುಟ್ಯಾಗ’. ಅಂದರೆ ಬುಟ್ಟಿಯ ಬಾಯಿ ಯಾವ ಕಡೆಗಿದೆ ಅನ್ನುವುದನ್ನು ನಾಲ್ಕು ವರ್ಷದ ಮಗು ನೋಡಿ, ಅದಕ್ಕೆ ತಕ್ಕ ಪದ ಆರಿಸುತ್ತದೆ. ಇಷ್ಟು ಸೂಕ್ಷ್ಮ ಗೊತ್ತಿರುವ ಮಗುವಿಗೆ ‘ಗೊತ್ತಿಲ್ಲ’ ಅಂತ ಬರೆಯುವುದು ಹೇಗೆ?

‘ಬುಡಕ’ ಆಡುಮಾತು, ಪಾಠದಲ್ಲಿ ಬಳಸಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ‘ದೀಪದ ಬುಡದಲ್ಲಿ ಕತ್ತಲೆ’ ಅನ್ನುವ ಗಾದೆ ಇಡೀ ಕರ್ನಾಟಕಕ್ಕೆ ಗೊತ್ತು. ‘ಬುಡಮೇಲು’ ಅಂತ ಪತ್ರಿಕೆಗಳು ದಿನಾ ಬರೆಯುತ್ತವೆ. ಅಲ್ಲಿ ‘ಮೇಲು’ ಅನ್ನುವುದಕ್ಕೆ ಜೋಡಿಯಾಗಿ ನಿಂತಿರುವುದು ‘ಬುಡ’ವೇ. ಪದದ ಕಟ್ಟಣೆಯನ್ನೂ ನೋಡಿ. ಕೆಳ ಸೇರಿ ಗೆ, ಒಳ ಸೇರಿ ಗೆ, ಹೊರ ಸೇರಿ ಗೆ. ಇವೆಲ್ಲ ಜಾಗದ ಹೆಸರಿಗೆ ಚತುರ್ಥಿ ಪ್ರತ್ಯಯ ಅಂಟಿ ಗಟ್ಟಿಯಾದ ಪದಗಳು. ಬುಡ ಸೇರಿ ಕ್ಕೆ, ನಮ್ಮ ಬಾಯಲ್ಲಿ ‘ಬುಡಕ’. ಅದೇ ಅಚ್ಚು. ‘ನಡಕ ಕುಂದ್ರು’ ಅನ್ನುವಾಗಿನ ‘ನಡಕ’ ಕೂಡ ಅದೇ ಅಚ್ಚಿನದು.

ಒಂದು ವಿಷಯ ಹೇಳಬೇಕು. ಮಕ್ಕಳಿಗೆ ಪದ ಗೊತ್ತಿದೆಯೋ ಇಲ್ಲವೋ ನೋಡುವಾಗ ನಾನೂ ಮೊದಲು ಮೋಸ ಹೋಗಿದ್ದೆ. ಚರಗಿ (ತಂಬಿಗೆ) ಕೊಟ್ಟು ‘ಕಲ್ಲು ಒಳಗೆ ಹಾಕು’ ಅಂದರೆ ಎರಡು ವರ್ಷದ ಕೂಸೂ ಹಾಕುತ್ತದೆ. ಆದರೆ ಅದೇ ಕೂಸಿಗೆ ‘ಚರಗಿ ಬುಡಕ ಇಡು’ ಅಂದರೂ ಒಳಗೇ ಹಾಕುತ್ತದೆ! ಮಕ್ಕಳ ಭಾಷೆಯ ಬಗ್ಗೆ ಕೆಲಸ ಮಾಡಿದ ಈವ್ ಕ್ಲಾರ್ಕ್ 1973ರಲ್ಲೇ ಇದನ್ನು ಇಂಗ್ಲಿಷ್ ಮಕ್ಕಳಲ್ಲಿ ತೋರಿಸಿದ್ದಾರೆ. ಪದ ಇನ್ನೂ ಬಾರದ ಮಗು ಬಾಯಿ ಇರುವ ವಸ್ತು ಕಂಡರೆ ಒಳಗೆ ಹಾಕುತ್ತದೆ, ಚಪ್ಪಟೆ ವಸ್ತು ಕಂಡರೆ ಮೇಲೆ ಇಡುತ್ತದೆ. ಹಾಗಾಗಿ ‘ಒಳಗೆ’ಗೆ ಚರಗಿ, ‘ಮೇಲೆ’ಗೆ ಮಣೆ ಕೊಟ್ಟರೆ ಪದ ಬರದಿದ್ದರೂ ಸರಿ ಉತ್ತರ ಸಿಗುತ್ತದೆ. ನಾನು ಈಗ ಒಂದೇ ಬುಟ್ಟಿಯನ್ನು ಇಟ್ಟುಕೊಂಡು ಮೇಲೆ, ಒಳಗೆ, ಬುಡಕ, ಹಿಂದೆ ಎಲ್ಲವನ್ನೂ ಹಿಂದುಮುಂದಾಗಿ ಕೇಳುತ್ತೇನೆ. ಆಗ ಗೊತ್ತಾಗುತ್ತದೆ.

ಜಾನ್‌ಸ್ಟನ್ ಮತ್ತು ಸ್ಲೋಬಿನ್ ಅನ್ನುವ ಸಂಶೋಧಕರು 1979ರಲ್ಲಿ ಇಂಗ್ಲಿಷ್, ಇಟಾಲಿಯನ್, ಸರ್ಬೋ-ಕ್ರೊಯೇಷಿಯನ್, ಟರ್ಕಿಶ್ ಮಕ್ಕಳನ್ನು ನೋಡಿದಾಗಲೂ ಒಳಗೆ, ಮೇಲೆ, ಅಡಿಯಲ್ಲಿ ಅನ್ನುವ ಪದಗಳು ಮೊದಲು ಬಂದವು. ನಡುವೆ, ಹಿಂದೆ, ಮುಂದೆ ಆಮೇಲೆ. ಟರ್ಕಿಶ್ ಭಾಷೆಯಲ್ಲೂ ನಮ್ಮ ಹಾಗೆ ಈ ಪದಗಳು ಹೆಸರಿನ ನಂತರ ಬರುತ್ತವೆ. ‘ಮೇಜಿನ ಮೇಲೆ’ ಅಂತ ಹೇಳಿ ರೂಢಿಯಾದ ನಮ್ಮ ಮಕ್ಕಳು ಮುಂದೆ ಇಂಗ್ಲಿಷ್ ಕಲಿಯುವಾಗ ‘ಟೇಬಲ್ ಆನ್’ ಅಂದರೆ ಅದಕ್ಕೆ ಕಾರಣ ಇದೇ.

‘ಹಿಂದೆ’, ‘ಮುಂದೆ’ಗೆ ನಮಗೆ ನಮ್ಮ ಕಡೆಯ ಕಿನ್ನಾಳದ ಮರದ ಗೊಂಬೆ ಬಹಳ ಅನುಕೂಲ. ಮರದ ಎತ್ತಿಗೆ ಮುಖ ಇದೆ, ಬಾಲ ಇದೆ. ಎತ್ತಿನ ಮುಂದೆ ಯಾವುದು ಅಂತ ಮಗು ತಕ್ಷಣ ಹೇಳುತ್ತದೆ. ಚರಗಿಗೆ ಮುಖ ಎಲ್ಲಿದೆ? ಅದರ ಮುಂದೆ ಅಂದರೆ ಮಗು ನಿಂತ ಕಡೆ. ನಾನು ಎದುರಿಗೆ ಕೂತರೆ ನನ್ನ ಮುಂದೆ ಬೇರೆ, ಮಗುವಿನ ಮುಂದೆ ಬೇರೆ. ಮೊದಲು ಎತ್ತು, ಆಮೇಲೆ ಚರಗಿ ಅಂತ ಕಲಿಸಿದರೆ ಗಲಿಬಿಲಿ ಕಮ್ಮಿ.

‘ಪಕ್ಕದಲ್ಲಿ’ ಅನ್ನುವುದಕ್ಕೆ ನಮ್ಮಲ್ಲಿ ‘ಬಾಜೂಕ’, ‘ಮಗ್ಗಲಕ’ ಎರಡೂ ಇವೆ. ಉರ್ದು ಮನೆಮಾತಿನ ಮಕ್ಕಳಿಗೆ ‘ಬಾಜೂ’ ಮೊದಲೇ ಗೊತ್ತಿರುತ್ತದೆ. ರಾಯಚೂರು, ಬಳ್ಳಾರಿ ಕಡೆಯ ತೆಲುಗು ಮಕ್ಕಳಿಗೆ ‘ಪಕ್ಕ’ವೇ ಸಲೀಸು. ಇಲ್ಲಿ ನನಗೆ ತೊಂದರೆ ಆಗಿಲ್ಲ.

‘ಬುಟ್ಯಾಗ’, ‘ಮನ್ಯಾಗ’ ಅನ್ನುವಾಗಿನ ‘ಆಗ’ ಕೂಡ ‘ಒಳಗೆ’ಯ ಸವೆದ ರೂಪ ಅಂತ ನನ್ನ ತಿಳುವಳಿಕೆ. ಹಳಗನ್ನಡದ ಸಪ್ತಮಿ ‘ಮನೆಯೊಳ್’ ಅಲ್ವಾ, ಆ ‘ಒಳ್’ ನಮ್ಮ ಮಕ್ಕಳ ಬಾಯಲ್ಲಿ ಇನ್ನೂ ಇದೆ ಅನ್ನುವುದು ನನಗೆ ಖುಷಿ ಕೊಡುತ್ತದೆ. ಜಾಗದ ಪದ ಕಲಿಸುವ ಇಂಗ್ಲಿಷ್ ಚಿತ್ರಕಾರ್ಡುಗಳನ್ನು ಹಾಗೇ ಕನ್ನಡಕ್ಕೆ ತಂದವರು ‘ಬೆರಳಿನ ಮೇಲೆ ಉಂಗುರ’ ಅಂತ ಬರೆದದ್ದನ್ನು ನೋಡಿದ್ದೇನೆ. ಯಾರು ಹಾಗೆ ಅನ್ನುತ್ತಾರೆ? ಬೆರಳಲ್ಲಿ ಉಂಗುರ, ಕಿವಿಯಲ್ಲಿ ಓಲೆ, ಕಾಲಲ್ಲಿ ಚಪ್ಪಲಿ. ನಮ್ಮ ಮಕ್ಕಳು ಕೂಡಲೇ ‘ಬಳ್ಳಾಗರೀ (ಬೆರಳಲ್ಲಿ ರೀ) ಅಕ್ಕೋರೆ’ ಅಂತ ತಿದ್ದಿದರು.

ಈಗ ನನ್ನ ಪ್ರಶ್ನೆಗಳು. ನಿಮ್ಮ ಊರಲ್ಲಿ ಹೊರಸು ಅಥವಾ ಮಂಚದ ಅಡಿಯಲ್ಲಿ ಇರುವುದಕ್ಕೂ, ಮಂಚದಿಂದ ಇಳಿದು ನೆಲದ ಮೇಲೆ ಇರುವುದಕ್ಕೂ ಬೇರೆ ಬೇರೆ ಪದ ಇವೆಯಾ? ಮೈಸೂರು, ಚಾಮರಾಜನಗರ ಕಡೆಯವರು, ಕರಾವಳಿಯವರು ದಯವಿಟ್ಟು ಹೇಳಿ. ಅಲ್ಲಿ ‘ಅಡಿ’ ಈ ಕೆಲಸ ಮಾಡುತ್ತದೆಯಾ? ಪುಟ್ಟ ಮಕ್ಕಳು ಅದನ್ನು ಸಹಜವಾಗಿ ಆಡುತ್ತಾರಾ, ಇಲ್ಲ ಶಾಲೆಗೆ ಬಂದ ಮೇಲೆ ಕಲಿಯುತ್ತಾರಾ? ಬಳ್ಳಾರಿ, ಸಿರುಗುಪ್ಪ ಕಡೆ ತೆಲುಗಿನ ‘ಕಿಂದ’ ಮನೆಯಲ್ಲಿ ಕೇಳಿ ಬೆಳೆದ ಮಕ್ಕಳು ಕನ್ನಡದಲ್ಲಿ ‘ಕೆಳಗ’ ಅನ್ನುತ್ತಾರೋ ‘ಬುಡಕ’ ಅನ್ನುತ್ತಾರೋ?

ಇನ್ನೊಂದು. ನೆಲಕ್ಕೆ ತಾಗದೆ ಮೇಲೆ ತೂಗುವ ವಸ್ತುವಿಗೆ ‘ಬುಡಕ’ ಬರುತ್ತದೆಯಾ? ನಮ್ಮೂರಿನ ಹಿರಿಯ ಹೆಣ್ಣುಮಕ್ಕಳು ‘ಫ್ಯಾನ್ ಕೆಳಗ ಕುಂದ್ರು’ ಅನ್ನುತ್ತಾರೆ. ಅವರ ಮೊಮ್ಮಕ್ಕಳು ‘ಫ್ಯಾನ್ ಬುಡಕ ಕುಂದ್ರು’ ಅನ್ನುತ್ತಿದ್ದಾರೆ. ನೀವು ಏನಂತೀರಿ, ನಿಮ್ಮ ಮನೆಯ ಮಕ್ಕಳು ಏನಂತಾರೆ, ಎರಡನ್ನೂ ಬರೆಯಿರಿ.