ಆಟೋಕ್ಲೇವ್ ಆದ ಮೇಲೆ ಮೋಟಾರು ನಿಂತಲ್ಲೇ ನಡುಗುತ್ತಿದೆ: ಮ್ಯಾಗ್ನೆಟ್ ಹೋಯಿತಾ?

ಹ್ಯಾಂಡ್‌ಪೀಸ್_ಹುಡುಗ
ಎಲ್ಲರಿಗೂ ನಮಸ್ಕಾರ. ಕೀಲಿನ ಕೀಹೋಲ್ ಸರ್ಜರಿಯಲ್ಲಿ ಬಳಸುವ, ಅಂಗಾಂಶ ಕತ್ತರಿಸಿ ತೆಗೆಯುವ ಶೇವರ್‌ನ ಮಾದರಿಯೊಂದನ್ನು ಮಾಡುತ್ತಿದ್ದೇನೆ. ಇನ್ನೂ ಬೆಂಚಿನ ಮೇಲೇ ಇದೆ, ರೋಗಿಗಳ ಮೇಲೆ ಬಳಸಿಲ್ಲ. ಒಳಗೆ ಎರಡು ಧ್ರುವದ ಬ್ರಷ್‌ಲೆಸ್ ಮೋಟಾರು, ರೋಟರ್ (ತಿರುಗುವ ಮ್ಯಾಗ್ನೆಟ್ ಭಾಗ) ಎಲ್ಲಿದೆ ಎಂದು ಕಂಟ್ರೋಲರ್‌ಗೆ ತಿಳಿಸುವ ಮೂರು ಹಾಲ್ ಸೆನ್ಸರ್, ಮುಂದೆ ವೇಗ ಇಳಿಸುವ ಪ್ಲಾನೆಟರಿ ಗೇರ್. ಹಬೆಯಿಂದ ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವ 134 ಡಿಗ್ರಿ ಆಟೋಕ್ಲೇವ್‌ನಲ್ಲಿ ಸುಮಾರು 40 ಸಲ ಹಾಕಿ ತೆಗೆದಿದ್ದೇನೆ.

ಈಗ ಸ್ವಿಚ್ ಒತ್ತಿದರೆ ಕೆಲವು ಸಲ ಗರ್ರ್ ಅಂತ ನಡುಗಿ ಅಲ್ಲೇ ನಿಲ್ಲುತ್ತದೆ. ಶಾಫ್ಟನ್ನು ಕೈಯಿಂದ ಸ್ವಲ್ಪ ತಿರುಗಿಸಿ ಮತ್ತೆ ಒತ್ತಿದರೆ ಓಡುತ್ತದೆ. ಹಿಂದೆ ಮುಂದೆ ಆಡುವ ಮೋಡ್‌ನಲ್ಲಿ ತೊಂದರೆ ಜಾಸ್ತಿ, ಬಿಸಿಯಾದಾಗ ಇನ್ನೂ ಜಾಸ್ತಿ. ಶಾಖಕ್ಕೆ ಮ್ಯಾಗ್ನೆಟ್ ಹೋಗಿರಬಹುದಾ?

ಸುರುಳಿ_ತಂತಿ
ಮ್ಯಾಗ್ನೆಟ್ ಅಲ್ಲ ಅನಿಸುತ್ತದೆ. ಅದು ಸೊರಗಿದ್ದರೆ ಖಾಲಿ ಓಟದ ವೇಗ ಏರುತ್ತದೆ, ಅಷ್ಟೇ ಟಾರ್ಕ್‌ಗೆ ಜಾಸ್ತಿ ಕರೆಂಟ್ ಬೇಕಾಗುತ್ತದೆ. ಒಂದು ಜಾಗದಲ್ಲಿ ಸಿಕ್ಕಿಕೊಂಡು, ಸ್ವಲ್ಪ ತಿರುಗಿಸಿದರೆ ಸರಿಹೋಗುವುದು ಹಾಲ್ ಸೆನ್ಸರ್ ಕೈಕೊಟ್ಟಾಗ ಕಾಣುವ ಲಕ್ಷಣ.

ಗೇರ್ ಬಿಚ್ಚಿ. ಸುರುಳಿಗಳಿಗೆ ಪವರ್ ಬೇಡ, ಸೆನ್ಸರ್‌ಗೆ ಮಾತ್ರ 5 ವೋಲ್ಟ್ ಕೊಡಿ. ಶಾಫ್ಟನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸುತ್ತಾ ಮೂರೂ ಸೆನ್ಸರ್ ಲೈನ್ ಹೈ (ವೋಲ್ಟೇಜ್ ಇದೆ) ಇವೆಯೋ ಲೋ (ಇಲ್ಲ) ಇವೆಯೋ ನೋಡಿ. ಒಂದು ಸುತ್ತಿಗೆ ಹೈ-ಲೋಗಳ ಆರು ಬೇರೆ ಬೇರೆ ಜೋಡಣೆ ಬರಬೇಕು. ಮೂರೂ ಒಟ್ಟಿಗೆ ಹೈ ಆಗುವುದು, ಮೂರೂ ಒಟ್ಟಿಗೆ ಲೋ ಆಗುವುದು, ಎರಡೂ ಬರಲೇಬಾರದು. ತಣ್ಣಗಿದ್ದಾಗ ಒಮ್ಮೆ, 70 ಡಿಗ್ರಿಗೆ ಬಿಸಿ ಮಾಡಿ ಇನ್ನೊಮ್ಮೆ ನೋಡಿ. ಬಿಸಿಯ ಪರೀಕ್ಷೆ ಬಿಡಬೇಡಿ.

ಹ್ಯಾಂಡ್‌ಪೀಸ್_ಹುಡುಗ
ಸರ್, ನೋಡಿದೆ. ತಣ್ಣಗಿದ್ದಾಗ ಆರೂ ಸರಿಯಾಗಿ ಬಂದವು. ಬಿಸಿಯಾದ ಮೇಲೆ ಎರಡನೇ ಲೈನ್ ಹೈನಲ್ಲೇ ಕೂತುಬಿಟ್ಟಿತು. ಸುತ್ತಿನ ಒಂದು ಕಡೆ ಮೂರೂ ಹೈ ತೋರಿಸಿತು.

ಸುರುಳಿ_ತಂತಿ
ಸಿಕ್ಕಿತು. ಈ ಥರದ ಸೆನ್ಸರ್‌ಗಳಲ್ಲಿ ಹೆಚ್ಚಿನವು ಲೈನನ್ನು ಕೆಳಗೆ ಎಳೆಯುತ್ತವೆ ಅಷ್ಟೇ. ಮೇಲೆ ಹಿಡಿಯುವುದು ಕಂಟ್ರೋಲರ್‌ನ ಪುಲ್-ಅಪ್ ರೆಸಿಸ್ಟರ್. ಹಾಗಾಗಿ ಲೈನ್ ಹೈನಲ್ಲೇ ನಿಂತರೆ ಒಂದೋ ಸೆನ್ಸರ್ ಸತ್ತಿದೆ, ಇಲ್ಲವೇ ಬಿಸಿಗೆ ಬೆಸುಗೆ ಬಿಟ್ಟುಕೊಳ್ಳುತ್ತಿದೆ. ಹಿಂದಿನ ಮುಚ್ಚಳ ತೆಗೆದು ಲೆನ್ಸ್ ಇಟ್ಟು ನೋಡಿ. ಇನ್ನೊಂದು ಮಾತು: ಆಟೋಕ್ಲೇವ್‌ನಿಂದ ತೆಗೆದ ಮೇಲೆ ಹೇಗೆ ತಣ್ಣಗೆ ಮಾಡುತ್ತೀರಿ?

ಹ್ಯಾಂಡ್‌ಪೀಸ್_ಹುಡುಗ
ಸಮಯ ಉಳಿಯಲಿ ಅಂತ ತಣ್ಣೀರಿನಲ್ಲಿ ಅದ್ದುತ್ತಿದ್ದೆ. ಈಗ ಮುಚ್ಚಳ ತೆಗೆದೆ. ಎರಡನೇ ಸೆನ್ಸರ್‌ನ ಕಾಲಿನ ಸುತ್ತ ಹಸಿರು ಕಿಲುಬು, ಪಕ್ಕದಲ್ಲಿ ಬಿಳಿ ಪುಡಿ. ಸೂಜಿಯ ತುದಿಯಿಂದ ಮುಟ್ಟಿದರೆ ಕಾಲು ಅಲ್ಲಾಡುತ್ತದೆ.

ಸುರುಳಿ_ತಂತಿ
ಆ ತಣ್ಣೀರೇ ಕಾರಣ ಇರಬೇಕು. ಬಿಸಿ ಮೋಟಾರನ್ನು ನೀರಿಗೆ ಹಾಕಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಹೊರಗಿನ ನೀರು ಶಾಫ್ಟ್ ಸೀಲಿನ ಸಂದಿಯಿಂದ ಒಳಗೆ ನುಗ್ಗುತ್ತದೆ. ಆಟೋಕ್ಲೇವ್‌ನ ವ್ಯಾಕ್ಯೂಮ್ ಹಂತದಲ್ಲೂ ಹಾಗೆಯೇ: ಮೊದಲು ಗಾಳಿ ಹೊರಗೆ, ಆಮೇಲೆ ಆ ಜಾಗಕ್ಕೆ ಹಬೆ ಒಳಗೆ. ಸೀಲ್ ಸ್ವಲ್ಪ ಸವೆದಿದ್ದರೂ ಸಾಕು.

ಬೆಸುಗೆ ಹಾಕಿ ಇದನ್ನೇ ಮತ್ತೆ ಬಳಸಬೇಡಿ, ಒಳಗೆ ಇನ್ನೆಲ್ಲಿ ತೇವ ಇದೆಯೋ. ಹೊಸ ಮೋಟಾರಿಗೆ ಸೆನ್ಸರ್ ಬೋರ್ಡನ್ನು ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಿರಲಿ, ಸೀಲ್ ಹೊಸದಿರಲಿ. ತೆಗೆದ ಮೇಲೆ ಸುಮ್ನೆ ಸ್ಟ್ಯಾಂಡಿನ ಮೇಲೆ ಗಾಳಿಯಲ್ಲಿ ಆರಲು ಬಿಡಿ. ಗೇರ್‌ನ ಗ್ರೀಸ್ ಕೂಡ ನೋಡಿ. ಹಬೆ ಮೋಟಾರಿನೊಳಗೆ ಹೋಗಿದ್ದರೆ ಅಲ್ಲಿಗೂ ಹೋಗಿರುತ್ತದೆ.

ಹ್ಯಾಂಡ್‌ಪೀಸ್_ಹುಡುಗ
ಸೆನ್ಸರೇ ಇಲ್ಲದ ಡ್ರೈವ್ ಹಾಕಿದರೆ ಈ ತಲೆನೋವೇ ಇರಲ್ಲ ಅಲ್ವಾ ಸರ್?

ಸುರುಳಿ_ತಂತಿ
ಒಂದೇ ದಿಕ್ಕಿಗೆ ವೇಗವಾಗಿ ತಿರುಗುವ ಡ್ರಿಲ್ ಆಗಿದ್ದರೆ ಖಂಡಿತ ಹಾಕಿ ಅನ್ನುತ್ತಿದ್ದೆ. ಆ ಡ್ರೈವ್ ರೋಟರ್ ಎಲ್ಲಿದೆ ಎಂದು ತಿಳಿಯುವುದು ಸಾಮಾನ್ಯವಾಗಿ ಬ್ಯಾಕ್-ಇಎಂಎಫ್ (ಮೋಟಾರು ತಿರುಗುವಾಗ ಸುರುಳಿಗಳಲ್ಲಿ ಹುಟ್ಟುವ ವೋಲ್ಟೇಜ್) ನೋಡಿ. ನಿಂತ ಮೋಟಾರಿನಲ್ಲಿ ಅದು ಸೊನ್ನೆ. ನಿಮ್ಮ ಶೇವರ್ ದಿಕ್ಕು ಬದಲಿಸುವಾಗಲೆಲ್ಲ ಒಂದು ಕ್ಷಣ ನಿಲ್ಲುತ್ತದೆ. ಅಲ್ಲೇ ಮತ್ತೆ ನಡುಗುತ್ತದೆ. ಹಾಲ್ ಸೆನ್ಸರೇ ಇರಲಿ.

ಹ್ಯಾಂಡ್‌ಪೀಸ್_ಹುಡುಗ
ಎಪಾಕ್ಸಿ ತುಂಬಿದ ಮೋಟಾರು, ಹೊಸ ಸೀಲ್ ಹಾಕಿದೆ. ನೀರಿಗೆ ಅದ್ದುವುದು ಬಿಟ್ಟೆ. 25 ಸಲ ಆಟೋಕ್ಲೇವ್ ಆಯಿತು, ಪ್ರತಿ 5ಕ್ಕೊಮ್ಮೆ ಬಿಸಿಯಲ್ಲೇ ಪರೀಕ್ಷೆ ಮಾಡುತ್ತಿದ್ದೇನೆ. ಆರೂ ಜೋಡಣೆ ಸರಿಯಾಗಿವೆ. 40 ದಾಟಿದ ಮೇಲೆ ಇಲ್ಲೇ ಬರೆಯುತ್ತೇನೆ. ತುಂಬಾ ಧನ್ಯವಾದ ಸರ್.