ಅಪ್ಪನ ಅಶ್ವಥ್ ಕ್ಯಾಸೆಟ್ ಮತ್ತೆ ಹಾಕಲೇ?

ದೂರವಾಣಿನಗರದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಅಪ್ಪನ ಒಂದು ಹಳೇ ಕ್ಯಾಸೆಟ್ ಇದೆ. ಶಿಶುನಾಳ ಷರೀಫರ ಹಾಡುಗಳು, ಸಿ. ಅಶ್ವಥ್ ಹಾಡಿದ್ದು. ಅದನ್ನು ಹಾಕಲೋ ಬೇಡವೋ ಅಂತ ವರ್ಷಗಳಿಂದ ಒದ್ದಾಡುತ್ತಿದ್ದೇನೆ.

ಅಪ್ಪ ಐಟಿಐ ಟೆಲಿಫೋನ್ ಫ್ಯಾಕ್ಟರಿಯಲ್ಲಿದ್ದರು. ಅಶ್ವಥ್ ಕೂಡ ಬಹಳ ವರ್ಷ ಅಲ್ಲೇ ನೌಕರಿ ಮಾಡಿದವರು. ಇಬ್ಬರಿಗೂ ಮಾತಿನ ಪರಿಚಯ ಇರಲಿಲ್ಲ. ಆದರೂ ಅಪ್ಪನ ಬಾಯಲ್ಲಿ ಅವರು ಯಾವಾಗಲೂ "ನಮ್ಮ ಫ್ಯಾಕ್ಟರಿಯವರು". ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ಊಟಕ್ಕೆ ಮೊದಲು ಟೇಪ್ ರೆಕಾರ್ಡರ್ ಹಾಕುತ್ತಿದ್ದರು. 'ಸೋರುತಿಹುದು ಮನೆಯ ಮಾಳಿಗಿ' ಬಂದರೆ ಅಲ್ಲೇ ನಿಂತುಬಿಡೋರು. ಅದರಲ್ಲಿ ಒಂದು ಕಡೆ ದನಿ ಮೇಲಕ್ಕೆ ಏರುತ್ತದೆ. ಅಷ್ಟನ್ನೇ ರಿವೈಂಡ್ ಮಾಡಿ ಮೂರು ಸಲ, ನಾಲ್ಕು ಸಲ ಕೇಳೋರು. ಅಮ್ಮ ಸಾರು ಆರಿಹೋಯಿತು ಅಂತ ಕೂಗುತ್ತಿದ್ದಳು.

2005ರಲ್ಲಿ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಷ್ಟು ಜನ ಬರೀ ಕವಿತೆ ಕೇಳಲು ಸೇರಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಅಪ್ಪ ಅಲ್ಲಿ ಜೋರಾಗಿ ಹಾಡಿದರು. ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟು ಹಾಡಿದವರಲ್ಲ.

2009ರ ಡಿಸೆಂಬರ್ 29, ಮಂಗಳವಾರ. ಅಶ್ವಥ್ ಹೋದರು ಅಂತ ಟಿವಿಯಲ್ಲಿ ಬಂತು. ಅವತ್ತು ಅವರ 70ನೇ ಹುಟ್ಟುಹಬ್ಬ ಬೇರೆ. ಅಪ್ಪ ಊಟ ಮಾಡಲಿಲ್ಲ. ಬೆಳಿಗ್ಗೆ ಹೋಗಿ ಒಂದು ಹೂವಾದರೂ ಇಟ್ಟು ಬರೋಣ ಅಂದರು. ಆದರೆ ಬೆಳಗಾಗುವಷ್ಟರಲ್ಲಿ ಮೈಸೂರಿನಿಂದ ವಿಷ್ಣುವರ್ಧನ್ ಸಾವಿನ ಸುದ್ದಿ. ನಮ್ಮ ಕಡೆ ಅಂಗಡಿ ಬಾಗಿಲು ಹಾಕಿದವು, ಬಸ್ಸು ಸಿಗಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗೇಟಿನ ಹತ್ತಿರ ಹೋಗಿ ಹೋಗಿ ನೋಡಿ ಬಂದರು. ವಿಷ್ಣು ಬಗ್ಗೆಯೂ ಅವರಿಗೆ ಪ್ರೀತಿ ಇತ್ತು. "ಒಬ್ಬರಿಗಾಗಿ ಅಳಲು ಒಂದು ದಿನವಾದರೂ ಬೇಡವೇನಮ್ಮ" ಅಂದರು. ಆಮೇಲೆ ಆ ಕ್ಯಾಸೆಟ್ ಹಾಕಲೇ ಇಲ್ಲ.

2021ರಲ್ಲಿ ಅಪ್ಪನೂ ಹೋದರು. ಮೊಬೈಲಿನಲ್ಲಿ ಎಲ್ಲ ಹಾಡೂ ಸಿಗುತ್ತವೆ, ಗೊತ್ತು. ನನಗೆ ಬೇಕಿರುವುದು ಈ ಕ್ಯಾಸೆಟ್ಟೇ. ನಿಮಗೂ ಹೀಗಾಗಿದೆಯಾ? ಏನು ಮಾಡಿದಿರಿ?

ಹಳೇ ಟೇಪು

ಅಕ್ಕ, ಹಾಕಿ. ಆದರೆ ತಕ್ಷಣ ಪ್ಲೇ ಒತ್ತಬೇಡಿ. ಇಷ್ಟು ವರ್ಷ ಸುಮ್ನೆ ಕೂತ ಟೇಪು ಒಂದಕ್ಕೊಂದು ಅಂಟಿರಬಹುದು. ಮೊದಲು ಪೆನ್ಸಿಲ್ ತೂರಿಸಿ ಕೈಯಲ್ಲೇ ಸ್ವಲ್ಪ ತಿರುಗಿಸಿ. ಬಿಗಿ ಇಲ್ಲ ಅನಿಸಿದರೆ ಒಂದು ಸಲ ಕೊನೆಯವರೆಗೆ ಓಡಿಸಿ, ಮತ್ತೆ ವಾಪಸ್ ಸುತ್ತಿಸಿ. ಟೇಪಿನ ಹಿಂದೆ ಒಂದು ಚಿಕ್ಕ ಮೆತ್ತೆ ಇರುತ್ತದಲ್ಲ, ಅದು ಕಳಚಿದ್ದರೆ ದನಿ ಮಂಕಾಗಿ ಕೇಳುತ್ತದೆ. ಬೇರೆ ಕ್ಯಾಸೆಟ್ಟಿನದು ತೆಗೆದು ಅಂಟಿಸಬಹುದು. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಮೊದಲ ಸಲ ಹಾಕುವಾಗಲೇ ಇಯರ್‌ಫೋನ್ ತೂತಿನಿಂದ ಕೇಬಲ್ ಎಳೆದು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಿ. ಎರಡನೇ ಸಲ ಟೇಪು ತಡೆಯದೇ ಹೋಗಬಹುದು.

ಹುಬ್ಬಳ್ಳಿಯವ

ನಿಮ್ಮ ಅಪ್ಪ ಹೇಳಿದ ಮಾತು ಎದೆಗೆ ನಾಟಿತು. 2009 ನಮಗೆಲ್ಲ ಕೆಟ್ಟ ವರ್ಷ. ಜನವರಿಯಲ್ಲಿ ಗಾಯಕ ರಾಜು ಅನಂತಸ್ವಾಮಿ ಹೋದರು, ಇನ್ನೂ ಚಿಕ್ಕ ವಯಸ್ಸು. ಜುಲೈ 21ಕ್ಕೆ ನಮ್ಮೂರಲ್ಲಿ ಗಂಗೂಬಾಯಿ ಹಾನಗಲ್. ಅವರಿಗೆ 96 ಆಗಿತ್ತು, ಮನೆಯ ಹಿರಿಯಜ್ಜಿ ಹೋದ ಹಾಗೆ. ಅವರ ಕಣ್ಣುಗಳನ್ನು ದಾನ ಮಾಡಿದರು ಅಂತ ಕೇಳಿದಾಗ ನಮ್ಮವ್ವ ಅತ್ತಳು, ಆಮೇಲೆ ಸಮಾಧಾನ ಮಾಡಿಕೊಂಡಳು. ನಮಗೆ ಅಳಲು ದಿನ ಸಿಕ್ಕಿತು. ನಿಮ್ಮ ಅಪ್ಪನಿಗೆ ಸಿಗಲಿಲ್ಲ. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ದೂರದ ಊರಿನಿಂದ

ನಾನು ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಡಿಸೆಂಬರ್ 29ಕ್ಕೆ ಮಾತ್ರ ಹಾಕಬೇಡಿ. 2020ರ ಸೆಪ್ಟೆಂಬರ್ 25ರಂದು ಎಸ್ಪಿಬಿ ಹೋದಾಗ ನಾನು ವಿದೇಶದಲ್ಲಿ ಒಂದು ರೂಮಿನಲ್ಲಿ ಒಬ್ಬನೇ ಇದ್ದೆ. ಕೊರೋನಾ ಕಾಲ, ಯಾರ ಜೊತೆ ಅಳಬೇಕು? ಮುಂದಿನ ಎರಡು ವರ್ಷ ಅದೇ ದಿನ ಅವರ ಹಾಡು ಹಾಕಿದೆ. ಎರಡು ಸಲವೂ ಅರ್ಧಕ್ಕೇ ನಿಲ್ಲಿಸಿದೆ. ಒಂದು ಭಾನುವಾರ ಪಾತ್ರೆ ತೊಳೆಯುವಾಗ ಹಾಕಿದೆ ನೋಡಿ, ಪೂರ್ತಿ ಕೇಳಲು ಆಯಿತು.

ದೂರವಾಣಿನಗರದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊನ್ನೆ ಗುರುವಾರ ಹಾಕಿದೆ. ಅವತ್ತೇನೂ ವಿಶೇಷ ಇರಲಿಲ್ಲ, ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮೆತ್ತೆ ಕಳಚಿತ್ತು, ಬೇರೆಯದು ಅಂಟಿಸಿದೆ. ಟೇಪು ಚೆನ್ನಾಗಿಯೇ ಓಡಿತು. ಒಂದು ಜಾಗದಲ್ಲಿ ಮಾತ್ರ ದನಿ ಎಳೆದ ಹಾಗೆ ತೂಗಾಡಿ, ಮತ್ತೆ ಸರಿ ಹೋಗುತ್ತದೆ. ಅಪ್ಪ ರಿವೈಂಡ್ ಮಾಡುತ್ತಿದ್ದ ಜಾಗವೇ ಅದು.

ಕಂಪ್ಯೂಟರಿಗೆ ಹಾಕಿಕೊಡುವ ಹುಡುಗ ಅದನ್ನೂ ಸರಿ ಮಾಡಿಕೊಡುತ್ತೇನೆ ಅಂದ. ಅದೊಂದು ಹಾಗೇ ಇರಲಪ್ಪ ಅಂದೆ.