ಬೀಜಿಂಗಿನಲ್ಲಿ ಒಂದು ಶನಿವಾರ: ಮುತ್ತು, ರೇಷ್ಮೆ ರಜಾಯಿ, ಚೌಕಾಸಿ

ಕೋರಿಕೆ: ಯಜಮಾನರ ಕಚೇರಿ ಕೆಲಸದ ನಿಮಿತ್ತ ಮುಂದಿನ ತಿಂಗಳು ಬೀಜಿಂಗಿಗೆ ಹೋಗುತ್ತಿದ್ದೇವೆ. ನನಗೂ ಅತ್ತೆಯವರಿಗೂ ಸುತ್ತಾಡಲು ಸಿಗುವುದು ಶನಿವಾರ ಒಂದೇ ದಿನ. ಮುತ್ತಿನ ಸರ, ರೇಷ್ಮೆ ರಜಾಯಿ ಕೊಳ್ಳುವ ಆಸೆಯಿದೆ. ಅತ್ತೆಯವರಿಗೆ ಮಂಡಿನೋವು. ಹೋಗಿಬಂದವರು ದಯವಿಟ್ಟು ಅನುಭವ ತಿಳಿಸಿ.

ಮೈಸೂರಿನ ಗೃಹಿಣಿ: ಸ್ವರ್ಗ ದೇಗುಲದ (ಟೆಂಪಲ್ ಆಫ್ ಹೆವನ್) ಪೂರ್ವದ್ವಾರದ ಎದುರಿಗಿರುವ ಹಾಂಗ್‌ಚಿಯಾವ್ ಮುತ್ತಿನ ಮಾರುಕಟ್ಟೆಯನ್ನು ಬಿಟ್ಟು ಬೇರೆಲ್ಲಿಗೂ ಹೋಗುವ ಅಗತ್ಯವಿಲ್ಲ. ಸಿಹಿನೀರಿನ ಮುತ್ತಿನ ಒಂದೆಳೆ ಸರಕ್ಕೆ ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ 680 ಯುವಾನ್ ಒತ್ತಿ ತೋರಿಸಿದಳು. ನಾನು 80 ಒತ್ತಿದೆ. ಆಕೆ ನೊಂದವಳಂತೆ ಮುಖ ಮಾಡಿ 450ಕ್ಕೆ ಇಳಿದಳು, ನಾನು 100ಕ್ಕೆ ಏರಿದೆ, ಆಕೆ 300 ಎಂದಳು, ನಾನು ಹೊರಟೇಬಿಟ್ಟೆ. ಮೆಟ್ಟಿಲ ಬಳಿ ತಲುಪುವಷ್ಟರಲ್ಲಿ 150 ಎಂಬ ಕೂಗು ಹಿಂದಿನಿಂದ ಬಂತು. ಎರಡು ಮುತ್ತುಗಳನ್ನು ಒಂದಕ್ಕೊಂದು ಉಜ್ಜಿ, ಗಾಜಿನಂತೆ ಜಾರದೆ ತುಸು ತರಿತರಿಯಾಗಿ ತಗಲುತ್ತದೆಯೇ ಎಂದು ನೋಡಿ, ಪ್ರತಿ ಮುತ್ತಿನ ನಡುವೆಯೂ ದಾರಕ್ಕೆ ಗಂಟು ಹಾಕಿಸಿಕೊಂಡ ಮೇಲೆಯೇ ಹಣ ಕೊಟ್ಟೆ. ಚಿಕ್ಕಪೇಟೆಯಲ್ಲಿ ಪಳಗಿದವರಿಗೆ ಇದೇನೂ ಕಷ್ಟವಲ್ಲ.

ರಾಮನಗರದ ರೀಲರ್: ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವನು ನಾನು, ಮುತ್ತಿನ ವಿಚಾರ ನನಗೆ ಬೇಡ. ರಜಾಯಿಯ ವಿಚಾರದಲ್ಲಿ ಮಾತ್ರ ಚೌಕಾಸಿಯ ಜಾಣತನ ಪ್ರಯೋಜನಕ್ಕೆ ಬಾರದು, ಏಕೆಂದರೆ ಮೋಸವಿರುವುದು ಬೆಲೆಯಲ್ಲಲ್ಲ, ಒಳಗಿನ ತುಂಬುವಿಕೆಯಲ್ಲಿ. ಎರಡು ಹುಳುಗಳು ಸೇರಿ ಕಟ್ಟಿದ ಜೋಡಿಗೂಡಿನಿಂದ ನೂಲು ಸರಾಗವಾಗಿ ಬಿಚ್ಚುವುದಿಲ್ಲವಾದ್ದರಿಂದ, ಅದನ್ನು ಬೇಯಿಸಿ, ಹಿಗ್ಗಿಸಿ, ಪದರದ ಮೇಲೆ ಪದರವಾಗಿ ಹರಡಿ ರಜಾಯಿ ಮಾಡುತ್ತಾರೆ. ನಾನು ಒಂದು ಕಿಲೋ ತೂಕದ ಜೋಡಿ ಹಾಸಿಗೆಯ ರಜಾಯಿಗೆ 1,600ರಿಂದ ಇಳಿಸಿ 700 ಯುವಾನ್ ಕೊಟ್ಟೆ. ಹೊದಿಕೆಗೆ 180, ಚೀಲದಿಂದ ಗಾಳಿ ತೆಗೆಸಲು 20, ವಿಮಾನದಲ್ಲಿ ಹೆಚ್ಚುವರಿ ತೂಕಕ್ಕೆ ಕೊಟ್ಟದ್ದು ಬೇರೆ. ಊರಿಗೆ ಬಂದು ಅಂಚಿನ ಎಳೆಯನ್ನು ಸುಟ್ಟು ನೋಡಿದರೆ ಕೂದಲು ಸುಟ್ಟ ವಾಸನೆಯೂ ಬಂತು, ಪುಡಿ ಬೂದಿಯೂ ಉಳಿಯಿತು. ನಡುವಿನ ಎಳೆ ಮಾತ್ರ ಕರಗಿ ಗಟ್ಟಿ ಮಣಿಯಾಯಿತು. ಅಂಚಿನಲ್ಲಿ ರೇಷ್ಮೆ, ಹೊಟ್ಟೆಯಲ್ಲಿ ಪಾಲಿಯೆಸ್ಟರ್! ಗೂಡಿನ ನಡುವೆಯೇ ಹುಟ್ಟಿ ಬೆಳೆದ ನನಗೇ ಹೀಗಾದರೆ 150ಕ್ಕೆ ಸರ ಕೊಂಡವರು ಬೀಗುವುದೇಕೆ?

ಮೈಸೂರಿನ ಗೃಹಿಣಿ: ನಾನು ಪರೀಕ್ಷಿಸಿದ ಮೇಲೆ ಹಣ ಕೊಟ್ಟೆ, ತಾವು ಹಣ ಕೊಟ್ಟ ಮೇಲೆ ಪರೀಕ್ಷಿಸಿದಿರಿ. ಈ ವ್ಯತ್ಯಾಸಕ್ಕೆ ನನ್ನ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ.

ದಾವಣಗೆರೆಯ ವ್ಯಾಪಾರಿ: ಇಬ್ಬರೂ ಪ್ರವಾಸಿಗರ ಪೇಟೆಯನ್ನೇ ಚೀನಾ ಎಂದುಕೊಂಡಂತಿದೆ. ನಾನು ಗುಂಡಿ, ಜಿಪ್ಪುಗಳನ್ನು ತರಿಸುವುದು ಸಗಟು ಮಾರುಕಟ್ಟೆಗೆ ಹೆಸರಾದ ಯಿವೂ ನಗರದಿಂದ. ಅಲ್ಲಿ ಪೆಟ್ಟಿಗೆಗಟ್ಟಲೆ ಕೊಂಡರಷ್ಟೇ ಮಾತು. ನಟನೆಗೆ ಯಾರಿಗೂ ಬಿಡುವಿಲ್ಲ. ನಿಜವಾದ ನಷ್ಟ ಹಣ ಪಾವತಿಯಲ್ಲಿದೆ. ಚೀನಾದ ಮೊಬೈಲ್ ಪಾವತಿ ಆ್ಯಪ್ ಅಲಿಪೇಗೆ ವಿದೇಶಿ ಕಾರ್ಡ್ ಜೋಡಿಸಿದರೆ 200 ಯುವಾನ್ ಮೀರಿದ ಪ್ರತಿ ಪಾವತಿಗೂ ಶೇ. 3ರಷ್ಟು ಶುಲ್ಕ ಬೀಳುತ್ತದೆ. 700ಕ್ಕೆ 21 ಯುವಾನ್ ಹೋಯಿತು, ಅದರ ಮೇಲೆ ನಮ್ಮ ಬ್ಯಾಂಕಿನ ವಿನಿಮಯ ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ. ಅಂಗಡಿಯವರನ್ನು ಒಪ್ಪಿಸಿ ಮೊತ್ತವನ್ನು ತುಂಡು ಮಾಡಿ ಕೊಟ್ಟರೆ ಇಷ್ಟೂ ಶೇ. 3 ಉಳಿಯುತ್ತದೆ. ಇನ್ನೊಂದು ಪೆಟ್ಟು ಪವರ್ ಬ್ಯಾಂಕಿನದು. 2025ರ ಜೂನ್ 28ರಿಂದ ಚೀನಾದ ದೇಶೀಯ ವಿಮಾನಗಳಲ್ಲಿ 3ಸಿ ಎಂಬ ಚೀನಾದ ಸುರಕ್ಷತಾ ಪ್ರಮಾಣದ ಗುರುತಿಲ್ಲದ್ದನ್ನು ಒಯ್ಯುವಂತಿಲ್ಲ. ಬೆಂಗಳೂರಿನಲ್ಲಿ 2,400 ರೂಪಾಯಿಗೆ ಕೊಂಡದ್ದನ್ನು ತಪಾಸಣೆಯ ಬಳಿ ಡಬ್ಬಕ್ಕೆ ಹಾಕಿ ಬಂದೆ.

ಧಾರವಾಡದ ನಿವೃತ್ತ ಶಿಕ್ಷಕ: ಒಂದಿಷ್ಟು ಹಣ ಉಳಿಸಲು ಅರ್ಧ ದಿನವನ್ನು ಕ್ಯಾಲ್ಕುಲೇಟರಿನ ಮುಂದೆ ಕಳೆಯುವುದು ನನಗಂತೂ ಅರ್ಥವಾಗುವುದಿಲ್ಲ. ರಸ್ತೆಯಾಚೆಗೇ ಇರುವ ಸ್ವರ್ಗ ದೇಗುಲವನ್ನು ಇಲ್ಲಿಯವರೆಗೆ ಗುರುತು ಹೇಳಲಷ್ಟೇ ಬಳಸಿಕೊಂಡಿದ್ದೀರಿ. 1420ರಲ್ಲಿ ಪೂರ್ಣಗೊಂಡು, 1889ರಲ್ಲಿ ಸಿಡಿಲಿನಿಂದ ಸುಟ್ಟು, ಮತ್ತೆ ಕಟ್ಟಲಾದ ಆ ಮರದ ಪ್ರಾರ್ಥನಾ ಮಂದಿರವನ್ನು ನೋಡಿ, ಉದ್ದನೆಯ ಮೊಗಸಾಲೆಯಲ್ಲಿ ಇಸ್ಪೀಟಾಡುವ ವೃದ್ಧರ ಪಕ್ಕದಲ್ಲಿ ನಾನು ಮಧ್ಯಾಹ್ನದವರೆಗೂ ಕುಳಿತಿದ್ದೆ. ಮಂಡಿನೋವಿನ ಅತ್ತೆಯವರಿಗೂ ಅದೇ ಸರಿಯಾದ ಜಾಗ.

ಮೈಸೂರಿನ ಗೃಹಿಣಿ: ಪಿಂಚಣಿ ಬರುವವರಿಗೆ ಉಳಿತಾಯದ ಬೆಲೆ ತಿಳಿಯದು.

ಧಾರವಾಡದ ನಿವೃತ್ತ ಶಿಕ್ಷಕ: ನನ್ನ ಪಿಂಚಣಿಯನ್ನು ತಾವು ಎಣಿಸಬೇಕಿಲ್ಲ. ಎಂಬತ್ತು ಯುವಾನಿನಿಂದ ಮಾತು ಶುರುಮಾಡಿ ಒಬ್ಬ ದುಡಿಯುವ ಹೆಣ್ಣುಮಗಳನ್ನು ಗೋಳುಹೊಯ್ದುಕೊಂಡದ್ದನ್ನು ಸಾಹಸವೆನ್ನಲಾರೆ.

ದಾವಣಗೆರೆಯ ವ್ಯಾಪಾರಿ: ಗುರುಗಳೇ, ನಷ್ಟಕ್ಕೆ ಯಾರೂ ಮಾರುವುದಿಲ್ಲ. ಆಕೆ ತಾನಾಗಿಯೇ ಕೂಗಿ ಕರೆದದ್ದು.

ರಾಮನಗರದ ರೀಲರ್: ಅಗ್ಗದ ಪರವಾಗಿ ವ್ಯಾಪಾರಿಗಳು ವಾದಿಸುವುದು ಸಹಜವೇ. ಇಂಥವರು ತರಿಸುವ ಚೀನಾ ನೂಲಿನಿಂದಲೇ ನಮ್ಮ ಮಾರುಕಟ್ಟೆಯಲ್ಲಿ ಗೂಡಿನ ದರ ಕುಸಿಯುವುದು.

ದಾವಣಗೆರೆಯ ವ್ಯಾಪಾರಿ: ನಾನು ತರಿಸುವುದು ಗುಂಡಿ ಮತ್ತು ಜಿಪ್ಪು ಎಂದು ಮೇಲೆಯೇ ಬರೆದಿದ್ದೇನೆ. ಚೀನಾ ರೇಷ್ಮೆ ಹೊತ್ತು ತಂದವರು ನಮ್ಮಲ್ಲಿ ತಾವೊಬ್ಬರೇ.

ರಾಮನಗರದ ರೀಲರ್: ಅದರಲ್ಲಿ ಅರ್ಧ ಪಾಲಿಯೆಸ್ಟರ್ ಎಂದು ನಾನೂ ಮೇಲೆಯೇ ಬರೆದಿದ್ದೇನೆ.